ಹವಳದ್ವೀಪದಲ್ಲಿ ಮಧುಚಂದ್ರದ ಕೊನೆಯ ದಿನಗಳು

ಮಧುಚಂದ್ರವೆಂಬ ಮಾತು ನಮ್ಮ ನುಡಿಗೆ ಇಂಗ್ಲಿಷಿನಿಂದ ಅನುವಾದಗೊಂಡು ಬಂದದ್ದು. ಜೇನೂ ಚಂದ್ರನೂ ಒಟ್ಟುಗೂಡಿದ ಮೇಲೆ ಕೇಳಬೇಕೆ? ಹುಣ್ಣಿಮೆಯ ಬೆಳುದಿಂಗಳೂ ಬತ್ತದ ಸವಿಯೂ ಒಡನೆಯೇ ಕಣ್ಣಿಗೆ ಕಟ್ಟುತ್ತವೆ. ಆದರೆ ಈ ಶಬ್ದದ ಹಳೆಯ ಅರ್ಥ ಅಷ್ಟು ಸಿಹಿಯಾದುದಲ್ಲ. 1552ರಲ್ಲಿ ರಿಚರ್ಡ್ ಹುಲೋಯೆಟ್ ಎಂಬ ಆಂಗ್ಲ ನಿಘಂಟುಕಾರನು ಇದಕ್ಕೆ ಕೊಟ್ಟ ವಿವರಣೆ ಕೊಂಚ ಕಟುವಾಗಿಯೇ ಇದೆ. ಹೊಸದಾಗಿ ಮದುವೆಯಾದವರ ಒಲವು ಮೊದಮೊದಲು ಮಿತಿಮೀರಿ ಉಕ್ಕುತ್ತದೆ, ಆಮೇಲೆ ಇಳಿಯುತ್ತ ಹೋಗುತ್ತದೆ ಎಂಬುದು ಅದರ ತಾತ್ಪರ್ಯ. ತುಂಬಿದ ಚಂದ್ರನಿಗೆ ಮರುದಿನದಿಂದಲೇ ಕ್ಷಯ ತಪ್ಪದು ಎಂಬ ಕುಹಕ ಆ ಹೆಸರಿನಲ್ಲಿಯೇ ಅಡಗಿದೆ.

ಹಾಗಾದರೆ ಮಧುಚಂದ್ರದ ಕೊನೆಯ ದಿನಗಳೆಂದರೆ ಕೃಷ್ಣಪಕ್ಷವೇ? ಕಡಲತೀರದ ವಿಹಾರಧಾಮಗಳಲ್ಲಿ ಆ ದಿನಗಳು ಸಾಗುವ ಬಗೆಯನ್ನು ನೋಡಿದರೆ, ಹಾಗೆನ್ನಲು ಮನಸ್ಸು ಒಪ್ಪುವುದಿಲ್ಲ.

ನಮ್ಮ ಹಿರಿಯರಿಗೆ ಇಂಥ ಪ್ರವಾಸ ಗೊತ್ತಿರಲಿಲ್ಲ. ಉರುಟಣೆಯ ಹಾಡು, ಕೊಡದ ನೀರಿನಲ್ಲಿ ಉಂಗುರ ಹುಡುಕುವ ಆಟ, ಸಾಲುಸಾಲಾಗಿ ನೆಂಟರ ಮನೆಗಳ ಔತಣ, ಇವುಗಳ ನಡುವೆಯೇ ಹೊಸ ಜೋಡಿಯ ಸಂಕೋಚ ಕಳೆಯಬೇಕಾಗಿತ್ತು. ಅಷ್ಟರಲ್ಲಿ ಆಷಾಢ ಬಂದು ಸೊಸೆ ತವರಿಗೆ ಹೊರಟುಬಿಡುತ್ತಿದ್ದಳು. ತುಂಬಿದ ಮನೆಯಲ್ಲಿ ಗಂಡಹೆಂಡಿರಿಬ್ಬರೇ ಕುಳಿತು ಮಾತನಾಡಲು ಕಾಲು ಗಂಟೆ ಸಿಕ್ಕುವುದೂ ದುರ್ಲಭವಾಗಿತ್ತು. ಇಂದಿನವರದು ಇದಕ್ಕೆ ತೀರ ವಿರುದ್ಧವಾದ ಪರೀಕ್ಷೆ. ಐದಾರು ದಿನ ಇವರಿಬ್ಬರನ್ನು ಬಿಟ್ಟರೆ ಮೂರನೆಯ ಬಂಧು ಕಣ್ಣಿಗೆ ಬೀಳುವುದಿಲ್ಲ!

ಎಳನೀರಿನ ಹೆಸರಿನ ವಿಹಾರಧಾಮ

ಬೆಂಗಳೂರಿನಿಂದ ನೇರ ವಿಮಾನವೇರಿದರೆ ಎರಡು ಗಂಟೆ ಚಿಲ್ಲರೆಯಲ್ಲಿ ಮಾಲ್ಡೀವ್ಸ್ ತಲುಪಬಹುದು. ಹಿಂದೂ ಮಹಾಸಾಗರದಲ್ಲಿ ಉತ್ತರದಿಂದ ದಕ್ಷಿಣಕ್ಕೆ 800 ಕಿಲೋಮೀಟರಿಗೂ ಮಿಕ್ಕಿ ಚೆಲ್ಲಿರುವ ಸುಮಾರು 1,200 ಹವಳದ್ವೀಪಗಳ ನಾಡು ಇದು. ಇಷ್ಟೂ ದ್ವೀಪಗಳ ನೆಲವನ್ನು ಒಟ್ಟುಗೂಡಿಸಿದರೂ ಸುಮಾರು 300 ಚದರ ಕಿಲೋಮೀಟರು. ಬೆಂಗಳೂರು ಮಹಾನಗರದ ಅರ್ಧಕ್ಕೂ ಕಡಿಮೆ. ಉಂಗುರದಂತೆ ನೀರನ್ನು ಬಳಸಿ ನಿಂತ ಹವಳದ ದಿಬ್ಬಗಳನ್ನು ಜಗತ್ತೆಲ್ಲ ಇಂದು 'ಅಟಾಲ್' ಎಂದು ಕರೆಯುತ್ತದೆಯಷ್ಟೆ. ಆ ಪದ ಇಲ್ಲಿನ ದಿವೆಹಿ ಭಾಷೆಯದು.

1965ರಲ್ಲಿ ಸ್ವತಂತ್ರವಾದ ಈ ದೇಶದಲ್ಲಿ ಮೊದಲ ವಿಹಾರಧಾಮ ತೆರೆದದ್ದು 1972ರಲ್ಲಿ. ಅದರ ಹೆಸರು ಕುರುಂಬಾ. ದಿವೆಹಿಯಲ್ಲಿ ಹಾಗೆಂದರೆ ಎಳನೀರಿನ ಕಾಯಿ. ಆಗ ಅಲ್ಲಿದ್ದವು 30 ಕೋಣೆಗಳು ಮಾತ್ರ. ಇಂದು 150ಕ್ಕೂ ಹೆಚ್ಚು ದ್ವೀಪಗಳು ಅತಿಥಿಗಳಿಗಾಗಿಯೇ ಮೀಸಲಾಗಿವೆ. ಬಹುಮಟ್ಟಿಗೆ ಒಂದು ದ್ವೀಪಕ್ಕೆ ಒಂದೇ ವಿಹಾರಧಾಮ. ಅಲ್ಲಿ ಊರಿಲ್ಲ, ಪೇಟೆಯಿಲ್ಲ, ಬೀದಿಯಿಲ್ಲ. ನೀರಿನ ಮೇಲೆ ಕಂಬಗಳನ್ನು ನೆಟ್ಟು ಕಟ್ಟಿದ ಕುಟೀರ, ಜಗಲಿಯಿಂದ ಕಡಲಿಗೇ ಇಳಿಯುವ ಮೆಟ್ಟಿಲು, ಕೆಳಗೆ ಪಾರಿವಾಳದ ಕೊರಳಿನಂತೆ ಬಣ್ಣ ಬದಲಿಸುವ ನೀರು!

ಮೊದಲ ಮೂರು ದಿನ ನವದಂಪತಿಗಳಿಗೆ ಬಿಡುವೆಂಬುದೇ ಇರುವುದಿಲ್ಲ. ಕೊಟ್ಟ ಹಣಕ್ಕೆ ತಕ್ಕಷ್ಟು ನೋಡಿಬಿಡಬೇಕೆಂಬ ಆತುರ ಒಂದು ಕಡೆ. ಊರಿನಲ್ಲಿ ಕಾದಿರುವ ನೆಂಟರಿಷ್ಟರಿಗೆ ಚಿತ್ರಗಳನ್ನು ಕಳುಹಿಸುವ ಅವಸರ ಇನ್ನೊಂದು ಕಡೆ. ಬೆಳಿಗ್ಗೆ ದೋಣಿ, ಮಧ್ಯಾಹ್ನ ಈಜು, ಸಂಜೆ ಡಾಲ್ಫಿನ್‌ಗಳ ದರ್ಶನ, ನಡುವೆ ಗಾಳಿಯ ಸಿಲಿಂಡರು ಬೆನ್ನಿಗೆ ಕಟ್ಟಿಕೊಂಡು ಕಡಲಡಿಯ ಸಂಚಾರ. ಮದುವೆಮನೆಯ ಗಡಿಬಿಡಿಯೇ ಇಲ್ಲಿಯೂ ಬೇರೆ ವೇಷ ತೊಟ್ಟು ಮುಂದುವರಿಯುತ್ತದೆ.

ಬಲವಂತದ ಬಿಡುವು

ಈ ಗಡಿಬಿಡಿಗೆ ತಡೆಯೊಡ್ಡುವುದು ಒಂದು ವೈದ್ಯಕೀಯ ನಿಯಮ. ಆಳಕ್ಕೆ ಮುಳುಗಿದವನು ಒತ್ತಡದ ಗಾಳಿಯನ್ನು ಉಸಿರಾಡುವುದರಿಂದ, ಅದರಲ್ಲಿನ ಸಾರಜನಕ ರಕ್ತದಲ್ಲಿಯೂ ಮಾಂಸಖಂಡಗಳಲ್ಲಿಯೂ ಕರಗಿ ಉಳಿಯುತ್ತದೆ. ಅದು ಹೊರಹೋಗುವ ಮುನ್ನವೇ ವಿಮಾನವೇರಿದರೆ, ಮೇಲಿನ ವಾಯುಭಾರ ಕಡಿಮೆಯಾದ್ದರಿಂದ ಸಾರಜನಕ ಗುಳ್ಳೆಗಳಾಗಿ ದೇಹಕ್ಕೆ ಅಪಾಯ ಒದಗಬಹುದು. ಆದಕಾರಣ ಕೊನೆಯ ಮುಳುಗಿಗೂ ವಿಮಾನಕ್ಕೂ ನಡುವೆ ಕನಿಷ್ಠ 18 ಗಂಟೆ, ಸಾಧ್ಯವಾದರೆ 24 ಗಂಟೆ ಅಂತರವಿರಬೇಕೆಂದು ತರಬೇತುದಾರರು ಕಟ್ಟಪ್ಪಣೆ ಮಾಡುತ್ತಾರೆ. ಹೀಗೆ ಕಡೆಯ ದಿನ ತಾನಾಗಿಯೇ ಕೈಗೆ ಬಿಡುವು ಬರುತ್ತದೆ.

ಗಡಿಯಾರವೂ ಇಲ್ಲಿ ತಮಾಷೆ ಮಾಡುತ್ತದೆ. ಮಾಲೆಯ ಸಮಯ ಭಾರತಕ್ಕಿಂತ ಅರ್ಧ ಗಂಟೆ ಹಿಂದೆ. ಆದರೆ ಅತಿಥಿಗಳಿಗೆ ಸಂಜೆಯ ಬೆಳಕು ಹೆಚ್ಚು ಹೊತ್ತು ಸಿಕ್ಕಲೆಂದು ಅನೇಕ ವಿಹಾರಧಾಮಗಳು ತಮ್ಮ ಗಡಿಯಾರವನ್ನು ಮಾಲೆಗಿಂತ ಒಂದು ಗಂಟೆ ಮುಂದಿಟ್ಟಿರುತ್ತವೆ. ಬೆಂಗಳೂರಿನಲ್ಲಿ ಆರು ಹೊಡೆದಾಗ ಮಾಲೆಯಲ್ಲಿ ಐದೂವರೆ, ದ್ವೀಪದಲ್ಲಿ ಆರೂವರೆ! ಮೂರು ಕಾಲಮಾನಗಳ ಲೆಕ್ಕ ಹಾಕಿ ದಣಿದ ಜೋಡಿ ಕೊನೆಗೆ ಕೈಗಡಿಯಾರವನ್ನು ಬಿಚ್ಚಿಟ್ಟು ಸುಮ್ಮನೆ ಕೂರುತ್ತದೆ. ನಿಜವಾದ ವಿಶ್ರಾಂತಿಗೆ ಆರಂಭ ಅಲ್ಲಿಂದಲೇ.

ಮರಳೂ ಹವಳವೂ

ಮಾಡಲು ಏನೂ ಇಲ್ಲದವರು ನಡೆಯುತ್ತಾರೆ. ಚಿಕ್ಕ ದ್ವೀಪವಾದರೆ ಕಾಲು ಗಂಟೆಯಲ್ಲಿ ಒಂದು ಪ್ರದಕ್ಷಿಣೆ ಮುಗಿಯುತ್ತದೆ. ಮೂರು ದಿನ ಕಾಣದಿದ್ದುದು ಆಗ ಕಾಣತೊಡಗುತ್ತದೆ. ಕಾಲಿಗೆ ತಗಲುವ ಈ ನುಣುಪಾದ ಬಿಳಿಯ ಮರಳು ನಮ್ಮ ಕಾರವಾರದ ಮರಳಿನಂತೆ ಬೆಟ್ಟದ ಕಲ್ಲು ಸವೆದು ಹೊಳೆಯಲ್ಲಿ ಹರಿದುಬಂದದ್ದಲ್ಲ; ಇಲ್ಲಿ ಬೆಟ್ಟವೂ ಇಲ್ಲ, ಹೊಳೆಯೂ ಇಲ್ಲ. ಇದರಲ್ಲಿ ಬಹುಭಾಗ ಹವಳದ ಪುಡಿ. ಗಿಳಿಯ ಕೊಕ್ಕಿನಂಥ ಬಾಯುಳ್ಳ ಗಿಳಿಮೀನು ಹವಳವನ್ನು ಕೆರೆದು ತಿಂದು, ಅರಗದ ಸುಣ್ಣವನ್ನು ಮರಳಾಗಿ ಹೊರಹಾಕುತ್ತದೆ. ಇಲ್ಲಿನ ವಕ್ಕಾರು ದ್ವೀಪದ ಸುತ್ತ ಹೊಸದಾಗಿ ಉತ್ಪತ್ತಿಯಾಗುವ ಮರಳಿನಲ್ಲಿ ಶೇಕಡಾ 85ಕ್ಕೂ ಹೆಚ್ಚು ಈ ಮೀನಿನ ಕೊಡುಗೆಯೆಂದು 2015ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿಕೊಟ್ಟಿತು. ಆ ಮರಳೂ ನಿಂತಲ್ಲಿ ನಿಲ್ಲುವುದಿಲ್ಲ. ನೈಋತ್ಯದ ಮಾರುತ ಒಂದು ದಂಡೆಯಿಂದ ಕೊಚ್ಚಿದ್ದನ್ನು ಇನ್ನೊಂದು ದಂಡೆಗೆ ಒಟ್ಟುತ್ತದೆ. ಈಶಾನ್ಯದ ಮಾರುತ ಬಂದಾಗ ಅದನ್ನು ಮರಳಿ ತರುತ್ತದೆ.

ಹವಳದ ಸಂಸಾರವಂತೂ ಇನ್ನೂ ವಿಸ್ಮಯಕರವಾದುದು. ಹವಳವೆಂದರೆ ಕಲ್ಲಲ್ಲ, ಸುಣ್ಣದ ಗೂಡು ಕಟ್ಟಿಕೊಂಡು ಬಾಳುವ ಸಣ್ಣ ಜೀವಿಗಳ ಕೂಟ. ಆ ಜೀವಿಯ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿಯೊಂದು ವಾಸವಾಗಿರುತ್ತದೆ. ಜೀವಿ ಪಾಚಿಗೆ ನೆಲೆ ಕೊಡುತ್ತದೆ. ಪಾಚಿ ಬಿಸಿಲನ್ನುಂಡು ಆಹಾರ ತಯಾರಿಸಿ ಜೀವಿಗೆ ಪಾಲು ಕೊಡುತ್ತದೆ. ಹವಳದ ಬಣ್ಣಗಳಲ್ಲಿ ಹೆಚ್ಚಿನವು ಈ ಪಾಚಿಯಿಂದ ಬಂದವು. ಕಡಲು ಮಿತಿಮೀರಿ ಕಾದಾಗ ಇವೆರಡರ ಒಪ್ಪಂದ ಮುರಿಯುತ್ತದೆ. ಜೀವಿ ಪಾಚಿಯನ್ನು ಹೊರದೂಡಿ ಸುಣ್ಣದಂತೆ ಬಿಳಿಚಿಕೊಳ್ಳುತ್ತದೆ. ಬಿಳಿಚಿದೊಡನೆ ಅದು ಸಾಯುವುದಿಲ್ಲವೆಂಬುದು ಗಮನಿಸತಕ್ಕ ಸಂಗತಿ. ನೀರು ಬೇಗ ತಣಿದರೆ ಪಾಚಿ ಮರಳಿ ನೆಲೆಸುತ್ತದೆ, ಹವಳ ಚೇತರಿಸಿಕೊಳ್ಳುತ್ತದೆ. ಕಾವು ವಾರಗಟ್ಟಲೆ ಹಾಗೆಯೇ ನಿಂತರೆ ಮಾತ್ರ ಹಸಿವಿನಿಂದ ಅಳಿಯುತ್ತದೆ. 1998ರಲ್ಲಿ ಮಾಲ್ಡೀವ್ಸಿನ ಹವಳಕ್ಕೆ ಇಂಥ ದೊಡ್ಡ ಆಪತ್ತು ಒದಗಿತು. 2016ರಲ್ಲಿ ಮತ್ತೊಮ್ಮೆ ಬಂದಾಗ, ಸಮೀಕ್ಷೆಗೊಳಗಾದ ಹವಳದಲ್ಲಿ ಶೇಕಡಾ 60ರಷ್ಟು ಬಿಳಿಚಿತ್ತು. ನಾಡಿನ ಶೇಕಡಾ 80ರಷ್ಟು ನೆಲ ಕಡಲಮಟ್ಟದಿಂದ ಒಂದು ಮೀಟರೂ ಎತ್ತರದಲ್ಲಿಲ್ಲ. ಹೊರಗಿನ ಅಲೆಗಳನ್ನು ಒಡೆದು ನಿಲ್ಲಿಸುವ ಹವಳದ ದಿಬ್ಬ ಅಳಿದರೆ ದ್ವೀಪಕ್ಕೆ ರಕ್ಷಣೆಯಿಲ್ಲ.

ದಂಡೆಯ ಮೇಲೆ ಕುಳಿತ ಹೊಸ ಜೋಡಿಗೆ ಇದಕ್ಕಿಂತ ತಕ್ಕ ಪಾಠ ಬೇರೆ ಬೇಕೆ? ದಾಂಪತ್ಯದಲ್ಲಿಯೂ ಕಾವೇರುವ ಗಳಿಗೆಗಳು ಬಾರದೆ ಇರವು. ಅದು ಎಷ್ಟು ಬೇಗ ತಣಿಯುತ್ತದೆಂಬುದರ ಮೇಲೆ ಉಳಿದುದೆಲ್ಲ ನಿಂತಿದೆ.

ಮಾತಿಗೆ ಬಂದ ಮಾತುಗಳು

ಬಿಡುವು ಸಿಕ್ಕಿದಾಗ ಮೊದಲು ಬರುವುದು ಮೌನ. ಸಿನಿಮಾ, ಗೆಳೆಯರು, ಮದುವೆಮನೆಯ ತಮಾಷೆ ಎಲ್ಲವೂ ಮುಗಿದಿರುತ್ತವೆ. ಹೊಸಬರಿಗೆ ಈ ಮೌನ ಭಯ ಹುಟ್ಟಿಸುತ್ತದೆ. ಇಷ್ಟು ಬೇಗ ಮಾತು ತೀರಿತೇ ಎಂಬ ಶಂಕೆ ಮೂಡುತ್ತದೆ. ಆದರೆ ಸ್ವಲ್ಪ ತಾಳಿದವರಿಗೆ ಆ ಮೌನದ ಬುಡದಿಂದಲೇ ನಿಜವಾದ ಮಾತು ಹೊರಡುತ್ತದೆ.

ಅನೇಕ ವೇಳೆ ಅದಕ್ಕೆ ನೆಪವಾಗುವುದು ಬಿಲ್ಲು. ಕೊನೆಯ ಹಿಂದಿನ ದಿನ ಲೆಕ್ಕದ ಕಾಗದ ಕೋಣೆಗೆ ಬರುತ್ತದೆ. ಊಟ, ದೋಣಿ, ಸೇವಾಶುಲ್ಕ, ಅದರ ಮೇಲೆ ಸರ್ಕಾರದ 'ಹಸಿರು ತೆರಿಗೆ'. 2025ರ ಜನವರಿಯಿಂದ ವಿಹಾರಧಾಮಗಳಲ್ಲಿ ಈ ತೆರಿಗೆ ತಲೆಗೆ ದಿನಕ್ಕೆ 12 ಡಾಲರಿಗೆ ಏರಿದೆ. ಆ ಕಾಗದವನ್ನು ಗಂಡ ಮಡಿಸಿ ಜೇಬಿಗೆ ಹಾಕಿಕೊಳ್ಳುವನೋ, ಹೆಂಡತಿಯ ಮುಂದೆ ಬಿಡಿಸಿಡುವನೋ ಎಂಬುದು ಸಣ್ಣ ಸಂಗತಿಯಲ್ಲ. ಬಿಡಿಸಿಟ್ಟರೆ ಮದುವೆಯ ಸಾಲ ಎಷ್ಟಿದೆ, ಮನೆಯ ಬಾಡಿಗೆ ಎಷ್ಟು, ತಂಗಿಯ ಓದಿಗೆ ಯಾರು ಹಣ ಕಳುಹಿಸಬೇಕು ಎಂಬವೆಲ್ಲ ಒಂದೊಂದಾಗಿ ಹೊರಬರುತ್ತವೆ. ಅವಳ ಕೆಲಸ ಮುಂದುವರಿಯುವುದೆ, ತವರಿನಲ್ಲಿ ಒಂಟಿಯಾಗಿರುವ ತಾಯಿಯ ಗತಿಯೇನು, ಅತ್ತೆಯವರ ಮಡಿಗೆ ತನ್ನ ಅಡುಗೆ ಒಗ್ಗೀತೆ ಎಂದು ಅವಳೂ ಕೇಳುತ್ತಾಳೆ. ಅಮ್ಮನ ಬಳಿ ಮೊದಲು ನಾನೇ ಮಾತನಾಡುತ್ತೇನೆ ಎಂದು ಅವನು ಒಪ್ಪಿದರೆ, ಖರ್ಚು ಮಾಡಿದ ಡಾಲರುಗಳೆಲ್ಲ ಸಾರ್ಥಕವೆನ್ನಬೇಕು.

ಆ ದಿನಗಳಲ್ಲಿ ಕಣ್ಣಿಗೆ ಬೀಳುವ ಇನ್ನೊಂದು ಬಗೆಯ ಮನುಷ್ಯರೂ ಉಂಟು. ಹಾಸಿಗೆಯ ಮೇಲೆ ಹೂವಿನೆಸಳಿನಿಂದ ಹೃದಯದ ಚಿತ್ರ ಬಿಡಿಸಿಹೋಗುವ ಪರಿಚಾರಕನ ಸಂಸಾರ ಆ ದ್ವೀಪದಲ್ಲಿಲ್ಲ. ಅವನು ದೂರದ ಬೇರೊಂದು ಅಟಾಲಿನವನಿರಬಹುದು. ಬಾಂಗ್ಲಾದೇಶದವನೋ, ಶ್ರೀಲಂಕಾದವನೋ, ನಮ್ಮ ದೇಶದವನೋ ಇರಬಹುದು. ಹೆಂಡತಿ ಮಕ್ಕಳನ್ನು ತಿಂಗಳುಗಟ್ಟಲೆ ಬಿಟ್ಟಿದ್ದು ಇತರರ ಮಧುಚಂದ್ರವನ್ನು ಅಂದಗೊಳಿಸುವುದು ಅವನ ವೃತ್ತಿ. ಮೊದಲ ದಿನ ಎಸಳಿನ ಚಿತ್ರವನ್ನಷ್ಟೇ ನೋಡಿದ ದಂಪತಿಗಳು, ಕೊನೆಯ ದಿನ ಅವನ ಊರನ್ನೂ ಮಕ್ಕಳ ಹೆಸರನ್ನೂ ಕೇಳಿ ತಿಳಿದರೆ, ಒಟ್ಟಿಗಿರುವುದೇ ಎಂಥ ಭಾಗ್ಯವೆಂಬುದು ಅವರಿಗೆ ಮನವರಿಕೆಯಾದೀತು.

ಕೊಂಡೊಯ್ಯಲು ಏನುಂಟು?

ಕಡೆಯ ಸಂಜೆ ಪೆಟ್ಟಿಗೆ ಕಟ್ಟುವ ಹೊತ್ತು. ದಂಡೆಯಲ್ಲಿ ಆಯ್ದ ಕವಡೆಗಳನ್ನು ಸೀರೆಯ ಮಡಿಕೆಯಲ್ಲಿಡಲು ಹೋದರೆ ಕಾನೂನು ಅಡ್ಡ ಬರುತ್ತದೆ. ಚಿಪ್ಪು, ಹವಳ, ಮರಳು ಯಾವುದನ್ನೂ ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಒಂದಾನೊಂದು ಕಾಲದಲ್ಲಿ ಇದೇ ದ್ವೀಪಗಳ ಕವಡೆ ಹಡಗುಗಟ್ಟಲೆ ಬಂಗಾಳಕ್ಕೆ ಹೋಗಿ ಅಲ್ಲಿ ನಾಣ್ಯವಾಗಿ ಚಲಾವಣೆಯಲ್ಲಿತ್ತು. ನಮ್ಮ ಮನೆಗಳ ಚೌಕಾಬಾರದ ಮಣೆಯ ಮೇಲೆ ಉರುಳುವ ಕವಡೆಯೂ ಅದರ ಬಳಗದ್ದೇ. ಈಗ ಅದನ್ನು ದಂಡೆಗೇ ಹಿಂದಿರುಗಿಸಿ ಬರಬೇಕು.

ಮರುದಿನ ನೀರಿನ ಮೇಲಿಂದಲೇ ಏರುವ ಪುಟ್ಟ ವಿಮಾನ ಬರುತ್ತದೆ. ಅದು ಹಗಲಿನಲ್ಲಿ ಮಾತ್ರ ಹಾರುತ್ತದೆ, ಪೆಟ್ಟಿಗೆಯ ತೂಕಕ್ಕೂ ಮಿತಿಯುಂಟು. ಮೇಲಿನಿಂದ ನೋಡಿದರೆ ದ್ವೀಪ ಅಂಗೈಯಗಲ. ಸುತ್ತಲೂ ಹವಳದ ಉಂಗುರ. ಅದರ ಹೊರಗೆ ನೊರೆಗಟ್ಟಿ ಒಡೆಯುವ ಅಲೆ, ಒಳಗೆ ತಿಳಿಯಾದ ನೀರು.

ಸಂಜೆಗೆ ಬೆಂಗಳೂರು, ಬಾಗಿಲಲ್ಲಿ ಅತ್ತೆ ಮಾವ, ಒಳಗೆ ಒಗೆಯಬೇಕಾದ ಬಟ್ಟೆ, ಸೋಮವಾರದ ಆಫೀಸು. ಮರುದಿನ ಬೆಳಿಗ್ಗೆ ಮೊದಲೆದ್ದು ಹಾಲು ಕಾಯಿಸುವವರು ಯಾರು ಎಂಬ ಮಾತು ಆ ನೀರಿನ ಮೇಲಿನ ಜಗಲಿಯಲ್ಲಿಯೇ ಇತ್ಯರ್ಥವಾಗಿದ್ದರೆ, ಮಧುಚಂದ್ರದ ಕೊನೆಯ ದಿನಗಳು ವ್ಯರ್ಥವಾಗಲಿಲ್ಲವೆಂದೇ ತಿಳಿಯಬೇಕು.