ಪರೀಕ್ಷೆಯ ಜೊತೆಗೇ ಬರುವ ಬಾಯಿಹುಣ್ಣು

ಪರೀಕ್ಷೆ ಹತ್ತಿರವಾದಂತೆ ಕೆಲವು ವಿದ್ಯಾರ್ಥಿಗಳ ಬಾಯಲ್ಲಿ ಹುಣ್ಣು ಏಳುತ್ತದೆ. "ಉಷ್ಣ ಜಾಸ್ತಿಯಾಗಿದೆ, ಮಜ್ಜಿಗೆ ಕುಡಿ" ಎನ್ನುತ್ತಾರೆ ಮನೆಯವರು. ತರಗತಿಯಲ್ಲಿ ಉಷ್ಣದ ಪಾಠ ಮಾಡುವ ನನಗೆ ಇಲ್ಲೊಂದು ತೊಡಕು. ಥರ್ಮಾಮೀಟರ್ ಇಟ್ಟು ನೋಡಿದರೆ ಮೈಯ ತಾಪ ಏರಿರುವುದೇ ಇಲ್ಲ! ಮಜ್ಜಿಗೆಗೆ ನನ್ನ ಆಕ್ಷೇಪಣೆಯಿಲ್ಲ. ಕಾರಣವನ್ನು ಮಾತ್ರ ಬೇರೆಡೆ ಹುಡುಕಬೇಕು.

ತುಟಿ ಮತ್ತು ಕೆನ್ನೆಗಳ ಒಳಮೈ, ನಾಲಿಗೆಯ ಅಡಿಭಾಗ ಇವುಗಳ ಲೋಳೆಪೊರೆ ಬಹಳ ಮೃದು. ಮರುಕಳಿಸುವ 'ಆಫ್ತಸ್' ಹುಣ್ಣು ಹೆಚ್ಚಾಗಿ ಕಾಣಿಸುವುದು ಇಲ್ಲೇ. ಸುತ್ತ ಕೆಂಪು ಅಂಚು, ನಡುವೆ ಹಳದಿ ಮಿಶ್ರಿತ ಬಿಳಿ ಪೊರೆ. ಸಾಮಾನ್ಯವಾಗಿ 1 ಸೆಂ.ಮೀ.ಗಿಂತ ಚಿಕ್ಕದು, 7ರಿಂದ 14 ದಿನಗಳಲ್ಲಿ ತಾನಾಗಿ ಮಾಯುತ್ತದೆ. ಇದು ಅಂಟುರೋಗವಲ್ಲ. ನಮ್ಮನ್ನು ರಕ್ಷಿಸಬೇಕಾದ ಟಿ-ಕೋಶಗಳೇ ಲೋಳೆಪೊರೆಯ ಮೇಲೆ ತಿರುಗಿಬೀಳುವುದರಿಂದ ಆಗುವ ಗಾಯ.

ಒತ್ತಡಕ್ಕೂ ಇದಕ್ಕೂ ನಂಟಿದೆಯೆ? ಅಮೆರಿಕದಲ್ಲಿ ಇಂಥ ಹುಣ್ಣಿನಿಂದ ಬಳಲುವ 160 ಜನರನ್ನು ಗರಿಷ್ಠ ಒಂದು ವರ್ಷದವರೆಗೆ ಪ್ರತಿ ವಾರ ದೂರವಾಣಿಯಲ್ಲಿ ವಿಚಾರಿಸಲಾಯಿತು. 2012ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಒತ್ತಡದ ಘಟನೆ ನಡೆದಾಗ ಹುಣ್ಣು ಏಳುವ ಸಂಭವ ಹೆಚ್ಚುಕಡಿಮೆ ಮೂರು ಪಟ್ಟಾಗಿತ್ತು. ಆದರೆ ಎದ್ದ ಹುಣ್ಣು ಎಷ್ಟು ದಿನ ಇರುತ್ತದೆ ಎಂಬುದಕ್ಕೂ ಒತ್ತಡಕ್ಕೂ ಸಂಬಂಧ ಕಾಣಲಿಲ್ಲ.

ಇದರೊಡನೆ 1998ರ ಇನ್ನೊಂದು ಪ್ರಯೋಗವನ್ನು ಇಟ್ಟು ನೋಡಬೇಕು. ದಂತವೈದ್ಯಕೀಯದ 11 ವಿದ್ಯಾರ್ಥಿಗಳ ಅಂಗುಳಿನಲ್ಲಿ 3.5 ಮಿ.ಮೀ. ಗಾಯ ಮಾಡಲಾಯಿತು: ಒಮ್ಮೆ ಬೇಸಗೆ ರಜೆಯಲ್ಲಿ, ಮತ್ತೊಮ್ಮೆ ಪರೀಕ್ಷೆಗೆ ಮೂರು ದಿನ ಮುಂಚೆ. (ಒಪ್ಪಿದ ಆ ಹನ್ನೊಂದು ಮಂದಿಯನ್ನು ಮೆಚ್ಚಲೇಬೇಕು!) ಪರೀಕ್ಷೆಯ ಕಾಲದ ಗಾಯ ಮಾಯಲು ಸರಾಸರಿ ಮೂರು ದಿನ, ಅಂದರೆ ಶೇಕಡ 40ರಷ್ಟು ಹೆಚ್ಚು ಕಾಲ ಹಿಡಿಯಿತು. ರಜೆಯಲ್ಲಿ ಮಾಯ್ದಷ್ಟು ಬೇಗ ಒಬ್ಬರಿಗೂ ಮಾಯಲಿಲ್ಲ. ಗಾಯ ಕೂಡಿಕೊಳ್ಳುವ ಕೆಲಸವನ್ನು ಆರಂಭಿಸುವ ಇಂಟರ್‌ಲ್ಯೂಕಿನ್-1 ಎಂಬ ಪ್ರೋಟೀನಿನ ತಯಾರಿಕೆಯೂ ತಗ್ಗಿತ್ತು.

ಎರಡು ಫಲಿತಾಂಶಗಳು ಒಂದನ್ನೊಂದು ಅಲ್ಲಗಳೆಯುವಂತೆ ತೋರಬಹುದು. ಆದರೆ ಎರಡನೆಯದು ಆಫ್ತಸ್ ಹುಣ್ಣಲ್ಲ, ಉಪಕರಣದಿಂದ ಮಾಡಿದ ಗಾಯ. ಅದಿದ್ದದ್ದೂ ಗಟ್ಟಿ ಅಂಗುಳಿನಲ್ಲಿ. ಆಫ್ತಸ್ ಅಲ್ಲಿ ಏಳುವುದು ಅಪರೂಪ. ಒತ್ತಡವು ಕೆಲವರಲ್ಲಿ ಹುಣ್ಣನ್ನು ಎಬ್ಬಿಸುತ್ತದೆ ಎಂಬಷ್ಟನ್ನು ಧೈರ್ಯವಾಗಿ ಹೇಳಬಹುದು.

ಹಾಗೆಂದು ಎಲ್ಲ ಹುಣ್ಣನ್ನೂ 'ಟೆನ್ಷನ್' ಲೆಕ್ಕಕ್ಕೆ ಬರೆಯುವಂತಿಲ್ಲ. ಕಬ್ಬಿಣ, ಬಿ-12, ಫೋಲೇಟ್ ಕೊರತೆಯಿಂದಲೂ ಹುಣ್ಣು ಮರುಕಳಿಸುತ್ತದೆ. ರಕ್ತಪರೀಕ್ಷೆಯಿಂದ ಇದು ತಿಳಿಯುತ್ತದೆ. ಮೂರು ವಾರ ಕಳೆದರೂ ಮಾಯದ ಹುಣ್ಣನ್ನು, ಅದರಲ್ಲೂ ಹೊಗೆಸೊಪ್ಪು, ಗುಟ್ಕಾ ಅಗಿಯುವವರು, ನೋವಿಲ್ಲದಿದ್ದರೂ ವೈದ್ಯರಿಗೆ ತೋರಿಸಬೇಕು. ಬಾಯಿಯ ಕ್ಯಾನ್ಸರ್ ಆರಂಭದಲ್ಲಿ ಅನೇಕ ವೇಳೆ ನೋಯುವುದಿಲ್ಲ.