ಆಕಳನ್ನಲ್ಲ, ಸದಸ್ಯರನ್ನು ಎಣಿಸಿದ ದೇಶ ಡೆನ್ಮಾರ್ಕ್



ಆಕಳು ಬೆದೆಗೆ ಬಂದಿದೆ ಎಂದು ನೀವು ಫೋನ್ ಮಾಡಿದಾಗ ನಮ್ಮವರು ಒಂದು ಜಾಡಿ ಹಿಡಿದುಕೊಂಡು ಬರುತ್ತಾರೆ. ಮುಚ್ಚಳ ತೆಗೆದರೆ ಬಿಳಿ ಹೊಗೆ ಏಳುತ್ತದೆ. ಒಳಗಿರುವುದು ಸೊನ್ನೆಗಿಂತ 196 ಡಿಗ್ರಿ ಕೆಳಗಿನ ದ್ರವ ಸಾರಜನಕ. ಅದರಿಂದ ಪೊರಕೆ ಕಡ್ಡಿಯಂಥ ಒಂದು ಸಪೂರ ನಳಿಕೆ ತೆಗೆದು, ಬೆಚ್ಚಗಿನ ನೀರಿನಲ್ಲಿ ಅದ್ದಿ, ಗನ್ನಿಗೆ ಸೇರಿಸುತ್ತಾರೆ. ಆಮೇಲೆ ಎಡಗೈಯನ್ನು ಸೆಗಣಿ ಹಾದಿಯಿಂದ ಒಳಗೆ ಹಾಕಿ ಗರ್ಭಕೋಶದ ಕೊರಳನ್ನು ಹಿಡಿದು, ಬಲಗೈಯಿಂದ ವೀರ್ಯ ಬಿಡುತ್ತಾರೆ. ಈ ಕೆಲಸ ನಿಮಗೆಲ್ಲ ನೋಡಿ ನೋಡಿ ರೂಢಿಯಾಗಿದೆ. ಆದರೆ ಆ ಕಡ್ಡಿ ಮತ್ತು ಹಾಗೆ ಕೈ ಹಾಕಿ ಹಿಡಿಯುವ ವಿಧಾನ, ಎರಡೂ ಬಂದದ್ದು ಒಂದೇ ದೇಶದಿಂದ. ಅದು ಡೆನ್ಮಾರ್ಕ್.

ಹಿಡಿಯುವ ವಿಧಾನವನ್ನು ಅಲ್ಲಿನ ಪಶುವೈದ್ಯರು ರೂಪಿಸಿದ್ದು 1937ರಲ್ಲಿ. ಕಡ್ಡಿಯ ವಿಚಾರ ಇನ್ನೂ ಚೆನ್ನಾಗಿದೆ. ಎಡ್ವರ್ಡ್ ಸೋರೆನ್ಸನ್ ಎಂಬ ಪ್ರಾಧ್ಯಾಪಕರು ಮೊದಲು ಓಟ್ಸ್ ಹುಲ್ಲಿನ ಪೊಳ್ಳು ಕಡ್ಡಿಯಲ್ಲಿ ವೀರ್ಯ ತುಂಬಿ ನೋಡಿದರು. ಮುಂದೆ ಮಗಳ ಹುಟ್ಟುಹಬ್ಬದಲ್ಲಿ ಮಕ್ಕಳು ಕೊಳವೆಯಿಂದ ಪಾನಕ ಹೀರುವುದನ್ನು ಕಂಡಾಗ, ಇದೇ ಸರಿಯಾದ ವಸ್ತು ಎಂದು ಅವರಿಗೆ ಹೊಳೆಯಿತು. ಇದು 1940ರ ಸುಮಾರಿನ ಮಾತು. ಆ ಕಡ್ಡಿಯನ್ನು ಆಮೇಲೆ ಫ್ರಾನ್ಸ್‌ನವರು ಸುಧಾರಿಸಿ ಜಗತ್ತಿಗೆಲ್ಲ ಹಂಚಿದರು. ಅದಕ್ಕೂ ಮೊದಲು, 1936ರಲ್ಲಿ, ಡೆನ್ಮಾರ್ಕಿನ ಸಾಮ್ಸೊ ಎಂಬ ಸಣ್ಣ ದ್ವೀಪದ ರೈತರು ಕೃತಕ ಗರ್ಭಧಾರಣೆಗೆಂದೇ ಒಂದು ಸಹಕಾರ ಸಂಘ ಕಟ್ಟಿಕೊಂಡಿದ್ದರು. ಒಳ್ಳೆಯ ಹೋರಿ ಸಾಕುವ ತಾಕತ್ತು ಇಲ್ಲದವರಿಗೂ ಒಳ್ಳೆಯ ಕರು ಸಿಗಬೇಕು ಎಂಬುದು ಅದರ ಉದ್ದೇಶ. 1960ರ ದಶಕದಲ್ಲಿ ಬೆಂಗಳೂರಿನ ಹತ್ತಿರದ ಹೆಸರಘಟ್ಟದಲ್ಲಿ ಇಂಡೋ-ಡೇನಿಶ್ ಯೋಜನೆ ಬಂತು. ಡೆನ್ಮಾರ್ಕಿನ ಕೆಂಪು ಆಕಳ ತಳಿ ಬಂತು, ಘನೀಕೃತ ವೀರ್ಯದ ಕೆಲಸಕ್ಕೂ ಅವರ ನೆರವು ಬಂತು. ಹೆಸರಘಟ್ಟದ ಕೇಂದ್ರ ಇವತ್ತಿಗೂ ವೀರ್ಯ ನಳಿಕೆ ತಯಾರಿಸುತ್ತದೆ, ಆಕಳಿನದ್ದೂ ಮುರ್ರಾ ಎಮ್ಮೆಯದ್ದೂ.

ಮೌಳಂಗಿಯ ಕೊಟ್ಟಿಗೆಗೂ ಆ ದೇಶಕ್ಕೂ ಇಷ್ಟು ನಂಟು ಇದೆ ಎಂದ ಮೇಲೆ ಅದು ಎಂಥ ದೇಶ ಎಂದು ತಿಳಿದುಕೊಳ್ಳುವುದು ಒಳ್ಳೆಯದು.

ಗುಡ್ಡವಿಲ್ಲದ ನಾಡು

ಡೆನ್ಮಾರ್ಕ್ ಯುರೋಪಿನ ಉತ್ತರಕ್ಕಿದೆ. ಜರ್ಮನಿಯ ನೆತ್ತಿಯ ಮೇಲೆ ಚಾಚಿದ ಜಟ್ಲ್ಯಾಂಡ್ ಎಂಬ ಭೂಭಾಗ, ಅದರ ಮಗ್ಗುಲಲ್ಲಿ ಸಣ್ಣವು ದೊಡ್ಡವು ಸೇರಿ 400ಕ್ಕೂ ಹೆಚ್ಚು ದ್ವೀಪಗಳು. ರಾಜಧಾನಿ ಕೋಪನ್‌ಹೇಗನ್ ಇರುವುದೂ ದ್ವೀಪದ ಮೇಲೆಯೇ. ದೂರದ ಗ್ರೀನ್‌ಲ್ಯಾಂಡ್ ಮತ್ತು ಫೆರೋ ದ್ವೀಪಗಳನ್ನು ಬಿಟ್ಟರೆ ಇಡೀ ದೇಶ ಸುಮಾರು 43,000 ಚದರ ಕಿಲೋಮೀಟರ್. ನಮ್ಮ ಉತ್ತರ ಕನ್ನಡ ಜಿಲ್ಲೆಯಂಥ ನಾಲ್ಕು ಜಿಲ್ಲೆ ಸೇರಿಸಿದರೆ ಹೆಚ್ಚುಕಡಿಮೆ ಒಂದು ಡೆನ್ಮಾರ್ಕ್. ಜನ ಸುಮಾರು 60 ಲಕ್ಷ.

ಗುಡ್ಡ ಬೆಟ್ಟ ಎಂಬುದು ಅಲ್ಲಿ ಇಲ್ಲವೇ ಇಲ್ಲ ಎನ್ನಬೇಕು. ಅವರ ಅತಿ ಎತ್ತರದ ಜಾಗ 171 ಮೀಟರ್. ನಮ್ಮ ದಾಂಡೇಲಿ ಪೇಟೆಯೇ ಸಮುದ್ರಮಟ್ಟದಿಂದ 470 ಮೀಟರ್ ಮೇಲಿದೆ. ಜೋಯಿಡಾದ ಘಟ್ಟ ಹತ್ತಿಳಿದು ಹಾಲು ತರುವವರಿಗೆ ಅವರ ಊರು ಅಂಗಳದಂತೆ ಕಂಡೀತು. ಮಳೆ ವರ್ಷಕ್ಕೆ 700 ಮಿಲಿಮೀಟರ್ ಆಸುಪಾಸು, ಅದೂ ಹನ್ನೆರಡು ತಿಂಗಳಿಗೆ ಹಂಚಿ ಬೀಳುತ್ತದೆ. ನಮ್ಮ ಹಾಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡವಿ ಸುರಿದು ಆಮೇಲೆ ಕೈ ಬಿಡುವ ಮಳೆಯಲ್ಲ. ಅಲ್ಲಿ ಕಷ್ಟ ಕೊಡುವುದು ಚಳಿ ಮತ್ತು ಕತ್ತಲೆ. ಡಿಸೆಂಬರ್‌ನಲ್ಲಿ ಹಗಲು ಏಳೇ ತಾಸು. ಆ ತಿಂಗಳುಗಳಲ್ಲಿ ಹುಲ್ಲು ಬೆಳೆಯುವುದಿಲ್ಲ, ಆಕಳು ಕೊಟ್ಟಿಗೆಯಲ್ಲೇ ಇರಬೇಕು.

ಹಿಂದೆ ಅಲ್ಲಿಯೂ ಬೆಣ್ಣೆ ಬೇಸಿಗೆಯ ಪದಾರ್ಥವಾಗಿತ್ತು. ಚಳಿಗಾಲದಲ್ಲಿ ಆಕಳುಗಳು ಒಣ ಹುಲ್ಲು ತಿಂದು ಜೀವ ಹಿಡಿದುಕೊಂಡಿರುತ್ತಿದ್ದವು. ಗಡ್ಡೆ ಬೆಳೆದು, ಹಿಂಡಿ ಕೊಟ್ಟು, ಮೇವು ಕೂಡಿಟ್ಟು ಚಳಿಗಾಲದಲ್ಲೂ ಹಾಲು ಕರೆಯಲು ಕಲಿತ ಮೇಲೆ ಅವರ ದೆಸೆ ತಿರುಗಿತು, ಏಕೆಂದರೆ ಪೇಟೆಯಲ್ಲಿ ಬೆಣ್ಣೆ ಇಲ್ಲದ ತಿಂಗಳಲ್ಲಿ ಅವರ ಬೆಣ್ಣೆ ಇರುತ್ತಿತ್ತು. ನಮಗೆ ಆ ಚಳಿಗಾಲ ಎಂದರೆ ಮಾರ್ಚ್‌ನಿಂದ ಮೇ. ಹಳಿಯಾಳ, ಮುಂಡಗೋಡದ ಕಡೆ ಗೋವಿನಜೋಳ ಬೆಳೆಯುವವರು, ತೆನೆ ಹಾಲುಗಟ್ಟಿದಾಗ ಸ್ವಲ್ಪ ಭಾಗವನ್ನಾದರೂ ಕೊಯ್ದು, ಕತ್ತರಿಸಿ, ಚೀಲದಲ್ಲಿ ಗಾಳಿಯಾಡದಂತೆ ತುಳಿದು ಕಟ್ಟಿಟ್ಟರೆ ರಸಮೇವು ಆಗುತ್ತದೆ. ಎರಡು ಆಕಳಿದ್ದವರಿಗೂ ಇದು ಸಾಧ್ಯ, ದೊಡ್ಡ ಗುಂಡಿ ತೋಡಬೇಕಿಲ್ಲ.

ಸೋತ ಮೇಲೆ ಎದ್ದದ್ದು

ಡೆನ್ಮಾರ್ಕಿನವರು ಒಂದು ಕಾಲಕ್ಕೆ ಹಡಗು ಹತ್ತಿ ಊರೂರು ದೋಚಿದ ವೈಕಿಂಗರ ವಂಶದವರು. ನಮ್ಮ ದೇಶಕ್ಕೂ ಬಂದಿದ್ದರು. ತಮಿಳುನಾಡಿನ ತರಂಗಂಬಾಡಿಯಲ್ಲಿ 1620ರಲ್ಲಿ ಕೋಟೆ ಕಟ್ಟಿ, 1845ರಲ್ಲಿ ಇಂಗ್ಲಿಷರಿಗೆ ಮಾರಿ ಹೋದರು. ಮನೆಯಲ್ಲಿ ಅವರ ರೈತರ ಪಾಡು ಚೆನ್ನಾಗಿರಲಿಲ್ಲ. ಗಂಡಾಳು ಹುಟ್ಟಿದ ಜಮೀನ್ದಾರಿಯನ್ನು ಬಿಟ್ಟು ಹೋಗುವಂತಿಲ್ಲ ಎಂಬ ಕಾನೂನು ಇತ್ತು, ಅದು ರದ್ದಾದದ್ದು 1788ರಲ್ಲಿ.

1864ರಲ್ಲಿ ಪ್ರಶ್ಯ ಮತ್ತು ಆಸ್ಟ್ರಿಯದ ಜೊತೆ ಯುದ್ಧವಾಗಿ ಡೆನ್ಮಾರ್ಕ್ ಸೋತಿತು. ದೇಶದ ಸುಮಾರು ಮೂರನೆಯ ಒಂದು ಪಾಲು ಕೈಬಿಟ್ಟಿತು. ಅದರ ಬೆನ್ನಿಗೇ ಅಮೆರಿಕ ಮತ್ತು ರಷ್ಯದಿಂದ ಅಗ್ಗದ ಗೋಧಿ ಹಡಗು ಹಡಗು ಬರತೊಡಗಿ ಇವರ ಕಾಳಿನ ಬೆಲೆ ಕುಸಿಯಿತು. ಆಗ ರೈತರು ಆ ಅಗ್ಗದ ಕಾಳನ್ನೇ ಕೊಂಡು ದನ, ಹಂದಿಗೆ ತಿನ್ನಿಸಿ ಬೆಣ್ಣೆ, ಮಾಂಸ ಮಾಡಿ ಇಂಗ್ಲೆಂಡಿಗೆ ಕಳಿಸತೊಡಗಿದರು.

ಇದಕ್ಕೆ ಎರಡು ಸಂಗತಿ ಕೂಡಿ ಬಂದವು. ಒಂದು ಶಾಲೆ. ಗ್ರುಂಟ್ವಿಗ್ ಎಂಬ ಪಾದ್ರಿಯ ವಿಚಾರದಂತೆ 1844ರಿಂದ ಹಳ್ಳಿಯ ದೊಡ್ಡ ಮಕ್ಕಳಿಗಾಗಿ ಪರೀಕ್ಷೆ ಇಲ್ಲದ, ಅಂಕ ಇಲ್ಲದ ಜನಶಾಲೆಗಳು ಶುರುವಾದವು. ಹೊಲದ ಕೆಲಸ ಇಲ್ಲದ ತಿಂಗಳುಗಳಲ್ಲಿ ಅಲ್ಲಿ ಉಳಿದು ಕಲಿತ ಹುಡುಗ ಹುಡುಗಿಯರಿಗೆ ಸಭೆಯಲ್ಲಿ ಎದ್ದು ಮಾತಾಡುವ, ಲೆಕ್ಕ ಕೇಳುವ ಧೈರ್ಯ ಬಂತು. ಇನ್ನೊಂದು, 1878ರ ಸುಮಾರಿಗೆ ಬಂದ ಕೆನೆ ತೆಗೆಯುವ ಯಂತ್ರ. ಅದುವರೆಗೆ ಹಾಲನ್ನು ತಣ್ಣಗಿಟ್ಟು ಕೆನೆ ಕಟ್ಟಲು ಕಾಯಬೇಕಿತ್ತು. ಯಂತ್ರ ಬಂದ ಮೇಲೆ ಹತ್ತು ಮನೆಯ ಹಾಲನ್ನು ಒಟ್ಟಿಗೆ ಸುರಿದು ಕೆನೆ ತೆಗೆಯಬಹುದಾಯಿತು.

1882ರಲ್ಲಿ ಜಟ್ಲ್ಯಾಂಡಿನ ಪಶ್ಚಿಮಕ್ಕಿರುವ ಹೆಡಿಂಗ್ ಎಂಬ ಹಳ್ಳಿಯ ರೈತರು ಮೊದಲ ಸಹಕಾರಿ ಡೈರಿ ಕಟ್ಟಿದರು. ಸಾಲಕ್ಕೆ ಎಲ್ಲರೂ ಸೇರಿ ಜಾಮೀನು ನಿಂತರು. ಮನೆಗೆ ಬೇಕಾದಷ್ಟು ಬಿಟ್ಟು ಉಳಿದ ಹಾಲೆಲ್ಲ ಡೈರಿಗೇ ಹಾಕಬೇಕು ಎಂದು ಬರೆದುಕೊಟ್ಟರು. ಲಾಭವನ್ನು ಹಾಕಿದ ಹಾಲಿಗೆ ತಕ್ಕಂತೆ ಹಂಚಿಕೊಂಡರು. ಎಂಟೇ ವರ್ಷದಲ್ಲಿ ದೇಶದಲ್ಲಿ ಇಂಥ ಡೈರಿಗಳು ಸುಮಾರು 700 ಆದವು.

ಅವರು ಮಾಡಿಕೊಂಡ ನಿಯಮಗಳಲ್ಲಿ ನನಗೆ ಬಹಳ ದೊಡ್ಡದಾಗಿ ಕಾಣುವುದು ಒಂದೇ. ನೂರು ಆಕಳಿದ್ದವನಿಗೂ ಒಂದು ಮತ, ಒಂದೇ ಆಕಳಿದ್ದವನಿಗೂ ಒಂದು ಮತ. ಎಣಿಸಬೇಕಾದದ್ದು ಮನುಷ್ಯರ ತಲೆ, ದನದ ತಲೆಯಲ್ಲ ಎಂದು ಅಲ್ಲಿ ಇಂದಿಗೂ ಗಾದೆಯಂತೆ ಹೇಳುತ್ತಾರೆ. ನಿಮ್ಮ ಸಂಘದಲ್ಲೂ ಇದೇ ನಿಯಮ. ಸಹಕಾರ ನಮಗೆ ಹೊರಗಿನದೂ ಅಲ್ಲ, ಹಳೆಯದೇ. 1905ರಲ್ಲಿ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಪತ್ತಿನ ಸಹಕಾರ ಸಂಘ ಕಟ್ಟಿದ್ದನ್ನು ನೀವು ಸಂಘದ ಸಭೆಗಳಲ್ಲಿ ಕೇಳಿಯೇ ಇರುತ್ತೀರಿ.

ಮೊಟ್ಟೆಯಲ್ಲೂ ಹಾಗೆಯೇ. 1895ರಲ್ಲಿ ಮೊಟ್ಟೆ ರಫ್ತಿಗೆ ಸಹಕಾರ ಸಂಘವಾಯಿತು. ಪ್ರತಿ ಮೊಟ್ಟೆಯ ಮೇಲೂ ಸಂಘದ ಮತ್ತು ಸದಸ್ಯರ ನಂಬರಿನ ಮುದ್ರೆ ಬೀಳುತ್ತಿತ್ತು. ಇಂಗ್ಲೆಂಡಿನ ಅಡುಗೆಮನೆಯಲ್ಲಿ ಕೊಳೆತ ಮೊಟ್ಟೆ ಒಡೆದರೂ ಅದು ಯಾರ ಮನೆಯದು ಎಂದು ಹುಡುಕಬಹುದಿತ್ತು. ಬಿ.ಎಂ.ಸಿ.ಗೆ ಹಾಲು ಸುರಿಯುವ ಮುನ್ನ ಒಬ್ಬೊಬ್ಬರ ಮಾದರಿ ತೆಗೆಯುವಾಗ ಬೇಸರ ಮಾಡಿಕೊಳ್ಳುವವರಿಗೆ ಈ ಮಾತು.

ಹೆಂಗಸರ ಕೈಯಿಂದ ಜಾರಿದ್ದು

ಈ ಕಥೆಯಲ್ಲಿ ಅಷ್ಟಾಗಿ ಹೇಳದ ಒಂದು ಭಾಗವಿದೆ. ಡೈರಿ ಬರುವ ಮುನ್ನ ಡೆನ್ಮಾರ್ಕಿನಲ್ಲಿ ಹಾಲು, ಕೆನೆ, ಬೆಣ್ಣೆ ಪೂರ್ತಿ ಹೆಂಗಸರ ಕೆಲಸ. ದೊಡ್ಡ ಜಮೀನುಗಳಲ್ಲಿ ಬೆಣ್ಣೆಮನೆಯ ಯಜಮಾನಿಕೆಯೇ ಹೆಂಗಸಿನದು. ಹನ್ನೆ ನೀಲ್ಸನ್ ಎಂಬ ರೈತ ಮಹಿಳೆ ಹವಾರ್ತಿ ಎಂಬ ತಮ್ಮ ತೋಟದಲ್ಲಿ ಚೀಸ್ ಮಾಡಿ, ಹೊರದೇಶಗಳಿಗೆ ಹೋಗಿ ಕಲಿತು ಬಂದು, ಹುಡುಗಿಯರಿಗೆ ಕಲಿಸಿ ಹೆಸರಾದರು. ಹವಾರ್ತಿ ಚೀಸ್‌ಗೆ ಆ ಹೆಸರು ಬಂದದ್ದು ಆ ತೋಟದಿಂದಲೇ.

ಕೆನೆ ಯಂತ್ರ ಬಂದು, ಡೈರಿ ಊರ ಮಧ್ಯಕ್ಕೆ ಹೋದ ಮೇಲೆ ಅಲ್ಲಿನ ಸಂಬಳದ ಕೆಲಸಕ್ಕೆ ತರಬೇತಾದ ಗಂಡಸರು ಬಂದರು. ಸಂಘದ ಪುಸ್ತಕದಲ್ಲಿ ಹೆಸರು ಮನೆಯ ಯಜಮಾನನದ್ದು, ಹಣವೂ ಅವನ ಕೈಗೆ. ಹಾಲು ಕರೆಯುವುದು ಮಾತ್ರ ಬಹಳ ಕಾಲ ಹೆಂಗಸರಿಗೇ ಉಳಿಯಿತು. ದೇಶದ ಚುನಾವಣೆಯಲ್ಲಿ ಅವರಿಗೆ ಮತ ಸಿಕ್ಕಿದ್ದು 1915ರಲ್ಲಿ.

ಇದನ್ನು ಇಲ್ಲಿ ಬರೆಯುವುದಕ್ಕೆ ಕಾರಣವಿದೆ. ನಮ್ಮ ಕಾಡಂಚಿನ ಊರುಗಳಲ್ಲಿ ಗೌಳಿ ಮನೆಗಳ ಹೆಂಗಸರು ತಲೆಯ ಮೇಲೆ ಹಾಲು ಹೊತ್ತು ಪೇಟೆಗೆ ನಡೆದು, ಮಾರಿ, ಹಣವನ್ನು ತಾವೇ ಸೆರಗಿಗೆ ಕಟ್ಟಿಕೊಂಡು ಬಂದವರು. ಆ ಹಾಲು ಈಗ ಸಂಘಕ್ಕೆ ಬರುತ್ತಿದ್ದರೆ, ಪಾಸ್‌ಬುಕ್ಕಿನಲ್ಲಿ ಯಾರ ಹೆಸರಿದೆ? ಹಾಲಿನ ಬಟವಾಡೆ, ಸರ್ಕಾರದ ಪ್ರೋತ್ಸಾಹಧನ ಯಾರ ಖಾತೆಗೆ ಬೀಳುತ್ತದೆ? ಮಹಿಳಾ ಸಂಘಗಳಲ್ಲಿ ಈ ಪ್ರಶ್ನೆ ಬರುವುದಿಲ್ಲ. ಉಳಿದ ಸಂಘಗಳಲ್ಲಿ ಕೊಟ್ಟಿಗೆ ಕೆಲಸ ಹೆಂಡತಿಯದು, ಸದಸ್ಯತ್ವ ಗಂಡನದು ಎಂಬುದು ಇನ್ನೂ ಸಾಮಾನ್ಯ. ಷೇರು ಹಣ ಕಟ್ಟಿ ನಿಮ್ಮ ಹೆಸರಿನಲ್ಲಿ ಸದಸ್ಯತ್ವ ಮಾಡಿಸಿಕೊಳ್ಳುವ ಬಗ್ಗೆ ಕಾರ್ಯದರ್ಶಿಯವರನ್ನು ಕೇಳಿ. ಈಗಾಗಲೇ ಸದಸ್ಯರಾಗಿದ್ದರೆ, ಮತ ಉಳಿಯಬೇಕಾದರೆ ಎಷ್ಟು ಹಾಲು ಹಾಕಿರಬೇಕು, ಎಷ್ಟು ಮಹಾಸಭೆಗೆ ಬಂದಿರಬೇಕು ಎಂದು ಉಪನಿಯಮದಲ್ಲಿ ಇರುತ್ತದೆ. ಅದನ್ನು ಓದಿಸಿ ಕೇಳಿ.

ಇಂದಿನ ಡೆನ್ಮಾರ್ಕ್

ಇಂದು ಅಲ್ಲಿ ಹಾಲಿನ ರೈತರ ಮನೆಗಳು 3,000ಕ್ಕೂ ಕಡಿಮೆ. ಒಂದೊಂದು ಹಿಂಡಿನಲ್ಲಿ ಸರಾಸರಿ 200ಕ್ಕೂ ಹೆಚ್ಚು ಆಕಳು. ಹಳ್ಳಿಯ ಡೈರಿಗಳು ಕೂಡುತ್ತ ಕೂಡುತ್ತ 2000ನೇ ಇಸವಿಯಲ್ಲಿ ಸ್ವೀಡನ್ನಿನವರ ಜೊತೆ ಸೇರಿ ಆರ್ಲಾ ಎಂಬ ಒಂದೇ ದೊಡ್ಡ ಸಹಕಾರಿ ಸಂಸ್ಥೆಯಾದವು. ಎರಡು ಆಕಳು ಕಟ್ಟಿಕೊಂಡು ಸಂಸಾರ ನಡೆಸುವ ಹೆಂಗಸು ಅಲ್ಲಿ ಈಗ ಸಿಗುವುದಿಲ್ಲ. ಎಲ್ಲವನ್ನೂ ಅವರ ಹಾಗೆಯೇ ಮಾಡಬೇಕು ಎನ್ನುವವರ ಜೊತೆ ನಾನು ಇಲ್ಲ. ಜನರು ದುಡಿಮೆಯ ದೊಡ್ಡ ಪಾಲನ್ನು ತೆರಿಗೆ ಕಟ್ಟುತ್ತಾರೆ, ಶಾಲೆ ಮತ್ತು ಆಸ್ಪತ್ರೆಗೆ ಹಣ ಕೊಡುವಂತಿಲ್ಲ. ಮಗು ಹುಟ್ಟಿದರೆ ತಂದೆತಾಯಿ ಇಬ್ಬರಿಗೂ ಸೇರಿ 48 ವಾರ ರಜೆ, ಅದರಲ್ಲಿ ತಂದೆಯೇ ತೆಗೆದುಕೊಳ್ಳಬೇಕಾದ ವಾರಗಳೂ ಇವೆ. ರಾಜಮನೆತನ ಇನ್ನೂ ಇದೆ. 52 ವರ್ಷ ರಾಣಿಯಾಗಿದ್ದ ಮಾರ್ಗರೇಟ್ 2024ರ ಜನವರಿಯಲ್ಲಿ ಮಗನಿಗೆ ಪಟ್ಟ ಬಿಟ್ಟುಕೊಟ್ಟರು. 2030ರಿಂದ ದನಗಳು ಬಿಡುವ ಗ್ಯಾಸಿಗೂ ತೆರಿಗೆ ಹಾಕುವುದೆಂದು ತೀರ್ಮಾನಿಸಿದ್ದಾರೆ. ತೇಗಿಗೂ ತೆರಿಗೆಯೇ ಎಂದು ನೀವು ನಗಬಹುದು, ಅಲ್ಲಿನ ರೈತರಿಗೆ ನಗು ಬರುತ್ತಿಲ್ಲ.

ಬ್ಯಾಂಗ್ ಎಂಬ ಡಾಕ್ಟರು

ಪಶುವೈದ್ಯರಾದ ನಮಗೆ ಡೆನ್ಮಾರ್ಕ್ ಎಂದ ಕೂಡಲೇ ನೆನಪಾಗುವ ಹೆಸರು ಬರ್ನ್‌ಹಾರ್ಡ್ ಬ್ಯಾಂಗ್. ಆಕಳುಗಳು ಏಕೆ ಒಂದರ ಹಿಂದೆ ಒಂದು ಕಂದು ಹಾಕುತ್ತವೆ ಎಂದು ಹುಡುಕುತ್ತ 1897ರಲ್ಲಿ ಅವರು ಅದಕ್ಕೆ ಕಾರಣವಾದ ರೋಗಾಣುವನ್ನು ಕಂಡುಹಿಡಿದರು. ಬ್ರುಸೆಲ್ಲೋಸಿಸ್ ಅಥವಾ ಕಂದು ರೋಗವನ್ನು ನಮ್ಮ ಪಠ್ಯಗಳಲ್ಲಿ ಬ್ಯಾಂಗ್ ರೋಗ ಎಂದೂ ಕರೆಯುತ್ತಾರೆ. ಡೆನ್ಮಾರ್ಕ್ ಪರೀಕ್ಷೆ ಮಾಡಿ, ರೋಗದ ದನ ಬೇರ್ಪಡಿಸಿ, ಆ ರೋಗವನ್ನು ತನ್ನ ಹಿಂಡುಗಳಿಂದ ತೆಗೆದುಹಾಕಿತು. ನಮ್ಮಲ್ಲಿ ಅದು ಇನ್ನೂ ಇದೆ.

ಈ ರೋಗ ದನಕ್ಕಿಂತ ನಿಮಗೆ ಹೆಚ್ಚು ಹತ್ತಿರ. ಆಕಳು ಅಥವಾ ಎಮ್ಮೆ ಗಬ್ಬದ ಆರನೇ ತಿಂಗಳ ನಂತರ ಕಂದು ಹಾಕಿದರೆ, ಮಾಸು ಬೀಳದೆ ನಿಂತರೆ, ಕೊಟ್ಟಿಗೆ ಸ್ವಚ್ಛ ಮಾಡಲು ಮೊದಲು ಹೋಗುವವರು ನೀವೇ. ಬರಿಗೈಯಲ್ಲಿ ಸತ್ತ ಕರು, ಮಾಸು ಮುಟ್ಟಿದರೆ ಕೈಯ ಸಣ್ಣ ಗಾಯದಿಂದಲೂ ರೋಗಾಣು ಒಳಗೆ ಹೋಗುತ್ತದೆ. ಆಮೇಲೆ ಬಂದು ಹೋಗುವ ಜ್ವರ, ರಾತ್ರಿ ಬೆವರು, ಸೊಂಟ ಮತ್ತು ಕೀಲುಗಳ ನೋವು. ಕೆಲಸದ ದಣಿವು ಎಂದು ನುಂಗಿಕೊಂಡು ತಿಂಗಳುಗಟ್ಟಲೆ ನರಳುವವರಿದ್ದಾರೆ. ಇಂಥ ಜ್ವರ ಬಂದರೆ ಮನುಷ್ಯರ ಡಾಕ್ಟರಿಗೆ, ನಮ್ಮ ಮನೆಯಲ್ಲಿ ದನವಿದೆ, ಕಂದು ಹಾಕಿತ್ತು ಎಂದು ಮರೆಯದೆ ಹೇಳಿ. ಅದಕ್ಕೆ ಔಷಧವಿದೆ, ಆದರೆ ಅವರಿಗೆ ಗೊತ್ತಾಗಬೇಕು.

ಕಂದು ಹಾಕಿದ ದನವನ್ನು ಬೇರೆ ಕಟ್ಟಿ, ನಮಗೆ ತಿಳಿಸಿ. ಕೈಗವಸು ಇಲ್ಲದಿದ್ದರೆ ದಪ್ಪ ಪ್ಲಾಸ್ಟಿಕ್ ಚೀಲವನ್ನಾದರೂ ಕೈಗೆ ಕಟ್ಟಿಕೊಳ್ಳಿ. ಕರು, ಮಾಸು, ನೆನೆದ ಹುಲ್ಲು ಎಲ್ಲವನ್ನೂ ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು. ನಾಯಿಗೆ ಎಸೆಯಬಾರದು, ಹೊಳೆಗೆ ಬಿಡಬಾರದು. ಬಸುರಿ ಹೆಣ್ಣುಮಗಳನ್ನು ಆ ಕೆಲಸದ ಹತ್ತಿರವೂ ಬಿಡಬೇಡಿ. ಹಾಲು ಉಕ್ಕುವಂತೆ ಕಾಯಿಸಿದರೆ ರೋಗಾಣು ಸಾಯುತ್ತದೆ, ಆದ್ದರಿಂದ ಹಸಿ ಹಾಲು ಮಕ್ಕಳಿಗೆ ಒಳ್ಳೆಯದು ಎಂಬ ಮಾತು ಕೇಳಬೇಡಿ.

ತಡೆಯುವ ಲಸಿಕೆ ಇದೆ. ಹೆಣ್ಣುಕರುವಿಗೆ ನಾಲ್ಕರಿಂದ ಎಂಟು ತಿಂಗಳ ನಡುವೆ ಒಂದೇ ಸಲ ಹಾಕಿಸಿದರೆ ಸಾಕು, ಆಕಳಾದರೂ ಎಮ್ಮೆಯಾದರೂ. ಎಂಟು ತಿಂಗಳು ದಾಟಿದ ಕರುವಿಗೆ, ಗಬ್ಬದ ದನಕ್ಕೆ, ಗಂಡು ಕರುವಿಗೆ ಅದನ್ನು ಹಾಕುವುದಿಲ್ಲ. ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಇದು ಉಚಿತ. ಹೆಣ್ಣುಕರು ಹುಟ್ಟಿದ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ನಾಲ್ಕು ತಿಂಗಳು ತುಂಬಿದ ಕೂಡಲೇ ಸಂಘದಲ್ಲಿ ಹೆಸರು ಬರೆಸಿ. ಐದಾರು ಮನೆಯ ಕರುಗಳು ಒಟ್ಟಾದರೆ ನಾವು ಅದೇ ವಾರ ಬರುತ್ತೇವೆ.