ಎರೆನೆಲಕ್ಕೆ ಬೇಕಾದ ಇಂಜಿನಿಯರರು

ಪಿ.ಯು.ಸಿ. ಫಲಿತಾಂಶ ಪ್ರಕಟವಾಯಿತೆಂದರೆ ಮಠಕ್ಕೆ ಬರುವ ಸದ್ಭಕ್ತರ ಮಾತು ಒಂದೇ ದಾರಿ ಹಿಡಿಯುತ್ತದೆ. ಮಗನಿಗೆ ಕಂಪ್ಯೂಟರ್ ಸೀಟು ದೊರೆಯುವುದೋ ಇಲ್ಲವೋ. ದೊರೆಯದಿದ್ದರೆ 'ಸಿವಿಲ್ ಆದರೂ ಆಗಲಿ' ಎನ್ನುತ್ತಾರೆ. ಈ 'ಆದರೂ' ಎಂಬ ಮಾತು ನಮಗೆ ಸರಿಕಾಣದು. ಶಹಾಪುರ ತಾಲ್ಲೂಕಿನ ಗೋಗಿಯಂಥ ಊರಿನಲ್ಲಿ ನಿಂತು ನೋಡುವವನಿಗೆ, ಈ ಸೀಮೆಗೆ ಮೊದಲು ಬೇಕಾದ ವಿದ್ಯೆ ಇದೇ ಎಂಬುದು ತಾನಾಗಿ ತಿಳಿಯುತ್ತದೆ.

ಗೋಗಿಯ ಚಂದಾ ಹುಸೇನಿ ದರ್ಗಾದ ಬಳಿ ವಿಜಯಪುರದ ಮೊದಲ ಆದಿಲಶಾಹಿ ಸುಲ್ತಾನರ ಗೋರಿಗಳಿವೆ. ಅವರಲ್ಲಿ ಮೊದಲಿಗನಾದ ಯೂಸುಫ್ ಆದಿಲಶಾಹ ತೀರಿಕೊಂಡುದು 1510ರಲ್ಲಿ. ಶತಮಾನಗಳನ್ನು ಕಂಡ ಆ ಕಟ್ಟಡಗಳಿರುವ ಸೀಮೆಯಲ್ಲಿಯೇ, ಎರೆಯ ಮೇಲೆ ಮೊನ್ನೆ ಕಟ್ಟಿದ ಮನೆಯ ಗೋಡೆ ಎರಡು ಮಳೆಗಾಲ ಕಳೆಯುವುದರೊಳಗೆ ಬಾಯಿ ಬಿಡುವುದುಂಟು. ಎರೆಮಣ್ಣು ನೀರುಂಡಾಗ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಬುನಾದಿಯನ್ನು ಗಟ್ಟಿ ಗರಸಿನವರೆಗೆ ಇಳಿಸದೆ ಗೋಡೆ ಎಬ್ಬಿಸಿದರೆ ದೋಷ ಗೌಂಡಿಯದೂ ಅಲ್ಲ, ಗ್ರಹಗತಿಯದೂ ಅಲ್ಲ. ಕಾಲುವೆಗೂ ಇದೇ ಕಷ್ಟ. ಎರೆಯ ಮೇಲೆ ನೇರವಾಗಿ ಹಾಸಿದ ಕಾಂಕ್ರೀಟು ಮಣ್ಣಿನ ಉಬ್ಬರಕ್ಕೆ ಎದ್ದು ಒಡೆಯುತ್ತದೆ. ನಡುವೆ ಉಬ್ಬದ ಜಿಗುಟುಮಣ್ಣಿನ ದಪ್ಪ ಪದರ ಹಾಕಿದರೆ ಅದು ನಿಲ್ಲುವುದೆಂದು ತೋರಿಸಿಕೊಟ್ಟವರು ಮುಂಬಯಿ ಐ.ಐ.ಟಿ.ಯ ಪ್ರಾಧ್ಯಾಪಕ ಆರ್. ಕೆ. ಕಟ್ಟಿಯವರು. ಮಲಪ್ರಭಾ ಕಾಲುವೆಗಳಲ್ಲಿ ಈ ಕ್ರಮವನ್ನು ಬಳಸಲಾಯಿತು. ಮಣ್ಣಿನ ಗುಣವನ್ನರಿಯುವುದೂ ಒಂದು ದೊಡ್ಡ ವಿದ್ಯೆಯೇ.

ಕೃಷ್ಣಾ ಮೇಲ್ದಂಡೆ ಯೋಜನೆಗೆ ಆಲಮಟ್ಟಿಯಲ್ಲಿ ಲಾಲಬಹಾದ್ದೂರ ಶಾಸ್ತ್ರಿಯವರು ಅಡಿಗಲ್ಲಿಟ್ಟುದು 1964ರಲ್ಲಿ. ನಾರಾಯಣಪುರದ ಬಸವಸಾಗರ ಸಿದ್ಧವಾದುದು 1982ರಲ್ಲಿ. ಅಲ್ಲಿಂದ ಹೊರಟ ಎಡದಂಡೆ ಕಾಲುವೆಯ ನೀರು ಶಹಾಪುರ ಶಾಖಾ ಕಾಲುವೆಯ ಮೂಲಕ ಈ ಭಾಗಕ್ಕೆ ಬರುತ್ತದೆ. ನೀರು ಬಂದುದು ನಿಜ. ಹಂಚುವ ಕೆಲಸ ಮುಗಿದಿಲ್ಲ. ಕಾಲುವೆಯ ತಲೆಯಲ್ಲಿರುವ ಹೊಲ ಹೆಚ್ಚು ನೀರುಂಡು ಸವುಳು ಜವುಳಾಗುತ್ತದೆ, ಕೊನೆಯಂಚಿನ ರೈತ ಆಕಾಶ ನೋಡುತ್ತಾನೆ. ನವೀಕರಿಸಿದ ಎಡದಂಡೆ ಕಾಲುವೆಯನ್ನು 2023ರ ಜನವರಿ 19ರಂದು ಪ್ರಧಾನಮಂತ್ರಿಗಳು ಕೊಡೇಕಲ್ಲಿನಲ್ಲಿ ಉದ್ಘಾಟಿಸಿದರು. ಕಾಲುವೆ ಎಷ್ಟೇ ಚೆನ್ನಾಗಿರಲಿ, ಗೇಟಿನ ಬಳಿ ನಿಂತು ಲೆಕ್ಕ ಹಿಡಿಯುವವನು ಊರಿನ ಕಷ್ಟಸುಖ ಬಲ್ಲವನಾದರೆ ಕೊನೆಯಂಚಿಗೂ ನೀರು ತಲುಪೀತು.

ಸೊನ್ನಲಿಗೆಯ ಸಿದ್ಧರಾಮ ಶಿವಯೋಗಿಗಳು ಕೆರೆ ಕಟ್ಟಿಸಿದ ಕಥೆಯನ್ನು ಪುರಾಣದಲ್ಲಿ ಕೇಳಿ ತಲೆದೂಗುವ ಸಮಾಜ ನಮ್ಮದು. ಆದರೆ ಕನ್ಯೆ ಕೊಡುವ ಮುನ್ನ ಇಂಜಿನಿಯರ್ ವರನ ಸಂಬಳ ಕೇಳಿ, ಮೆಲ್ಲಗೆ ಗಿಂಬಳವನ್ನೂ ಕೇಳುವವರು ನಮ್ಮಲ್ಲಿಯೇ ಇದ್ದಾರೆ. ಹುಡುಗ ಅಳತೆ ಪುಸ್ತಕದಲ್ಲಿ, ಅಂದರೆ ಎಂ.ಬಿ.ಯಲ್ಲಿ, ಆಗದ ಕೆಲಸವನ್ನು ಆಯಿತೆಂದು ಬರೆದ ದಿನವೇ ಅವನ ಕಾಯಕ ಕೆಟ್ಟಿತು. ಸಿಮೆಂಟು ಕಡಿಮೆ ಹಾಕಿದ ಶಾಲೆಯಲ್ಲಿ ಕೂರುವವು ನಮ್ಮ ನಿಮ್ಮ ಮಕ್ಕಳೇ. ಗುತ್ತಿಗೆದಾರನನ್ನು ಬೈಯುವುದು ಸುಲಭ. ಬೀಗರ ಪ್ರಶ್ನೆಯನ್ನು ತಿದ್ದುವುದು ನಮ್ಮ ಕೈಯಲ್ಲಿದೆ.

ಓದಲು ಅನುಕೂಲಗಳು ಇಲ್ಲವೆನ್ನುವಂತಿಲ್ಲ. ಕಲಬುರಗಿಯ ಪೂಜ್ಯ ದೊಡ್ಡಪ್ಪ ಅಪ್ಪ ಇಂಜಿನಿಯರಿಂಗ್ ಕಾಲೇಜು 1958ರಿಂದ, ಬಾಗಲಕೋಟೆಯ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜು ಮತ್ತು ಸಿದ್ಧಗಂಗೆಯ ಲಿಂಗೈಕ್ಯ ಶ್ರೀ ಶಿವಕುಮಾರ ಮಹಾಸ್ವಾಮಿಗಳು ತುಮಕೂರಿನಲ್ಲಿ ಸ್ಥಾಪಿಸಿದ ಕಾಲೇಜು 1963ರಿಂದ ಇವೆ. ನೀರಾವರಿ ತಜ್ಞ ಎಸ್. ಜಿ. ಬಾಳೇಕುಂದ್ರಿಯವರ ಹೆಸರಿನ ಕಾಲೇಜನ್ನು ಬೆಳಗಾವಿಯ ನಾಗನೂರು ರುದ್ರಾಕ್ಷಿಮಠ ನಡೆಸುತ್ತಿದೆ. ಇಂಜಿನಿಯರರೊಬ್ಬರ ಹೆಸರನ್ನು ಮಠವೊಂದು ಹೀಗೆ ಉಳಿಸಿಕೊಂಡಿರುವುದು ನಮಗೆ ಸಂತೋಷ ತರುವ ಸಂಗತಿ. ಸಂವಿಧಾನದ 371(ಜೆ) ವಿಧಿಯ ಮೇರೆಗೆ 2013ರಿಂದ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಶೇ. 70, ರಾಜ್ಯದ ಉಳಿದೆಡೆ ಶೇ. 8 ಸೀಟುಗಳು ಈ ಭಾಗದವರಿಗೆ ಮೀಸಲಾಗಿವೆ. ಸರಕಾರಿ ನೌಕರಿಯಲ್ಲಿಯೂ ಮೀಸಲಾತಿಯುಂಟು. ಇದಕ್ಕೆ ಸಹಾಯಕ ಆಯುಕ್ತರು ಕೊಡುವ ಅರ್ಹತಾ ಪ್ರಮಾಣಪತ್ರ ಬೇಕು. ಸಿ.ಇ.ಟಿ. ಹೊತ್ತಿಗೆ ಕಚೇರಿಗೆ ಅಲೆಯುವ ಬದಲು ಮೊದಲೇ ಪಡೆದಿಡುವುದು ಲೇಸು.

ಹೆಣ್ಣುಮಗಳಿಗೆ ಬಿಸಿಲಿನ ಕೆಲಸವೇಕೆ ಎನ್ನುವವರು, ಹತ್ತಿ ಬಿಡಿಸುವ ನಮ್ಮ ತಾಯಂದಿರು ಯಾವ ನೆರಳಿನಲ್ಲಿದ್ದಾರೆಂದು ಯೋಚಿಸಲಿ. ನಕ್ಷೆ, ಅಂದಾಜು ಪಟ್ಟಿ, ಮಣ್ಣು ಪರೀಕ್ಷೆಯ ಕೆಲಸಗಳೂ ಈ ವಿದ್ಯೆಯವೇ.

ನಾಲ್ಕು ವರ್ಷದ ಪದವಿಯ ಖರ್ಚು ಭಾರವೆನಿಸಿದ ಮನೆಯವರು ಎಸ್.ಎಸ್.ಎಲ್.ಸಿ. ಆದೊಡನೆ ಪಾಲಿಟೆಕ್ನಿಕ್ ಸೇರಿಸಬಹುದು. ಡಿಪ್ಲೊಮಾಕ್ಕೆ ಮೂರು ವರ್ಷ, ಮುಂದೆ ಡಿ.ಸಿ.ಇ.ಟಿ. ಬರೆದರೆ ಪದವಿಯ ಎರಡನೆಯ ವರ್ಷಕ್ಕೆ ನೇರ ಪ್ರವೇಶವುಂಟು. ಗಣಿತದಲ್ಲಿ ಬಲವಿರಬೇಕು, ಬಿಸಿಲಿಗೆ ಅಂಜಬಾರದು. ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಒಮ್ಮೆ ನಾರಾಯಣಪುರಕ್ಕೆ ಕರೆದೊಯ್ಯಿರಿ. ಕಾಲುವೆಯಲ್ಲಿ ನೀರಿಲ್ಲದ ಆ ದಿನಗಳಲ್ಲಿ ಅದರ ತಳ, ಇಳಿಜಾರು, ಕಾಂಕ್ರೀಟಿನ ಬಿರುಕು ಎಲ್ಲವೂ ಕಣ್ಣಿಗೆ ಬೀಳುತ್ತವೆ.